ಏಳನೇ ನಂಬರಿನ ಕಿವಿ

ನಮ್ಮ ಕಾರು ಅಳುತ್ತಿದೆ ಎಂದು ಮೊದಲು ಬಾಯಿ ಬಿಟ್ಟು ಹೇಳಿದವಳು ಹೊಳೆವ್ವ. ಅವಳಿಗಿಂತ ಮೊದಲು ಹೇಳಬೇಕಾದವರು ಎಷ್ಟೋ ಜನ ಇದ್ದರು. ಪಕ್ಕದಲ್ಲೇ ಕೂತು ಓಡಾಡುತ್ತಿದ್ದ ನಾನಿದ್ದೆ, ಎದುರುಮನೆಯವರಿದ್ದರು, ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ಶ್ಯಾಮಣ್ಣನಿದ್ದ. ಬೊಮ್ಮನಹಳ್ಳಿಯ ನಮ್ಮ ರಸ್ತೆಗೆ ಆ ಕಾರು ಬಂದರೆ ಮಲಗಿದ್ದ ನಾಯಿ ಎದ್ದು ಜಾಗ ಬದಲಾಯಿಸುತ್ತಿತ್ತು. ಆದರೂ ಒಂದು ತಿಂಗಳು ನಾವೆಲ್ಲ ಏನೂ ಕೇಳಿಸದವರ ಹಾಗೆ ಇದ್ದುಬಿಟ್ಟೆವು.

ಇದಕ್ಕೆ ಕಾರಣ ನನ್ನ ಯಜಮಾನರು. ನಮ್ಮ ಏರಿಯಾದಲ್ಲಿ ನಲ್ಲಪ್ಪ ಎಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಕಿವಿ ನಲ್ಲಪ್ಪ ಎಂದರೆ ಎಲ್ಲರಿಗೂ ಗೊತ್ತು. ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಸಿಗುವ ಒಂದು ಗೇರ್‌ಬಾಕ್ಸ್ ಫ್ಯಾಕ್ಟರಿಯಲ್ಲಿ ಅವರಿಗೆ ಮೂವತ್ತೊಂದು ವರ್ಷದ ಸರ್ವಿಸು. ಅದರಲ್ಲಿ ಹತ್ತೊಂಬತ್ತು ವರ್ಷ ಕೊನೆಯ ಬೆಂಚಿನಲ್ಲಿ. ಅಲ್ಲಿ ಪ್ರತಿಯೊಂದು ಗೇರ್‌ಬಾಕ್ಸನ್ನೂ ಓಡಿಸಿ, ಅದರ ಸದ್ದು ಕೇಳಿ, ಸರಿಯಿದ್ದರೆ ಅದರ ಮೈಮೇಲೆ ಏಳು ಎಂಬ ಅಂಕೆಯ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆಯಬೇಕು. ಏಳು ಎಂದರೆ ನಲ್ಲಪ್ಪ. ಆ ಅಂಕೆ ಬೀಳದೆ ಒಂದು ಪೆಟ್ಟಿಗೆಯೂ ಗೇಟು ದಾಟುವಂತಿಲ್ಲ. ಮನೆಗೆ ಬಂದರೂ ಬಿಡುವಿಲ್ಲ. ಮಿಕ್ಸಿ ಹಿಡಿದು ಬರುವವರು, ನೀರಿನ ಮೋಟಾರು ಕೇಳಿಸಲು ಕರೆದುಕೊಂಡು ಹೋಗುವವರು. ಇವರು ಉದ್ದನೆಯ ಸ್ಕ್ರೂ ಡ್ರೈವರ್‌ನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ, "ಒಳಗಿನ ಬುಷ್ ಹೋಗ್ಯದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಬುಷ್ ಹೋಗಿರುತ್ತಿತ್ತು.

ಇಂಥ ಮನುಷ್ಯ ಸ್ಟಿಯರಿಂಗ್ ಮುಂದೆ ಕೂತು "ಇದ್ರಲ್ಲಿ ಒಂದ್ ಸೌಂಡಿಲ್ಲ ನೋಡು, ಬೆಣ್ಣೆ ಇದ್ದಂಗದೆ" ಎಂದ ಮೇಲೆ ಯಾರು ಏನು ಹೇಳಬೇಕು? ನಾನು ಶ್ಯಾಮಣ್ಣನನ್ನು ಗುಟ್ಟಾಗಿ ವಿಚಾರಿಸಿದ್ದೆ. ಅವನು ತಲೆ ಕೆರೆದುಕೊಂಡು, "ಅಕ್ಕಾ, ನಲ್ಲಪ್ಪಣ್ಣನಿಗೇ ಕೇಳಿಸ್ದೇ ಇರೋದು ನನಗ್ಯಾಕೆ ಕೇಳಿಸ್ತಿದೆ ಅಂತ ನಾನೇ ಹೆದರ್ಕೊಂಡಿದೀನಿ" ಎಂದ. ನನಗೂ ಅದೇ ಹೆದರಿಕೆಯಾಗಿತ್ತು. ಗಾರ್ಮೆಂಟ್ಸಿನಲ್ಲಿ ನೂರಾರು ಹೊಲಿಗೆ ಮಿಷನ್ನುಗಳ ನಡುವೆ ಇಪ್ಪತ್ತೆರಡು ವರ್ಷ ನಿಂತವಳು ನಾನು, ನನ್ನ ಕಿವಿಯೇ ಕೆಟ್ಟಿರಬೇಕು ಎಂದುಕೊಂಡಿದ್ದೆ.

ನಾನೂ ತಪಾಸಣೆಯವಳೇ. ಲೈನಿನ ಕೊನೆಯಲ್ಲಿ ಚೆಕ್ಕರ್. ಅಂಗಿಯಲ್ಲಿ ಹೊಲಿಗೆ ತಪ್ಪಿದ್ದರೆ, ಗುಂಡಿ ವಾರೆಯಾಗಿದ್ದರೆ, ಆ ಜಾಗಕ್ಕೆ ಉಗುರಿನಷ್ಟು ಚಿಕ್ಕ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ ವಾಪಸು ಕಳಿಸುತ್ತೇನೆ. ಅಂಥದ್ದಕ್ಕೆ ನಮ್ಮಲ್ಲಿ ಆಲ್ಟರ್ ಪೀಸು ಎನ್ನುತ್ತೇವೆ. ಬಾಣದ ಒಂದು ಶೀಟು ಯಾವಾಗಲೂ ನನ್ನ ಪರ್ಸಿನಲ್ಲಿರುತ್ತದೆ. ಮನೆಯಲ್ಲಿ ಸೋರುವ ನಲ್ಲಿಗೆ ಒಂದು, ಕೊಳೆ ಹೋಗದ ಕಾಲರಿಗೆ ಒಂದು. ನಮ್ಮವರೂ ಕಡಿಮೆಯಿಲ್ಲ, ಒಮ್ಮೆ ನಾನು ಮಾಡಿದ ಮುದ್ದೆಯ ಮೇಲೆ ಬಾಣ ಅಂಟಿಸಿಟ್ಟು ಹೋಗಿದ್ದರು. ಗಂಟಿತ್ತು, ನಿಜ. ಆದರೂ ಅವತ್ತು ಎರಡನೆಯ ಮುದ್ದೆ ಬಡಿಸಲಿಲ್ಲ.

ಹೀಗೆ ತಪ್ಪು ಹುಡುಕುವ ಇಬ್ಬರು ಒಂದೇ ಸೂರಿನಡಿ ಇದ್ದರೆ ಬಾಳು ಹೇಗಿರುತ್ತದೆ ಎಂದು ನೀವೇ ಊಹಿಸಿ. ಆದರೆ ಈಚೆಗೆ ಎರಡು ವರ್ಷದಿಂದ ನಮ್ಮವರಲ್ಲಿ ಒಂದು ಬದಲಾವಣೆ ಕಂಡಿದ್ದೆ. ನಾನು ಮಾತಾಡಲು ಶುರು ಮಾಡಿದರೆ ಪೇಪರು ಕೆಳಗಿಡುವುದು, ಟೀವಿಯಿಂದ ಕಣ್ಣು ತೆಗೆಯುವುದು, ಅಡಿಗೆಮನೆಯಿಂದ ಕರೆದರೆ ಎದ್ದು ಬಂದು ಎದುರಿಗೇ ನಿಂತು ಮುಖವನ್ನೇ ನೋಡುವುದು. ಮದುವೆಯಾದ ಹೊಸದರಲ್ಲೂ ಈ ಮನುಷ್ಯ ನನ್ನನ್ನು ಹೀಗೆ ನೋಡಿರಲಿಲ್ಲ. ಐವತ್ತು ದಾಟಿದ ಮೇಲೆ ಗಂಡನಿಗೆ ಪ್ರೀತಿ ಉಕ್ಕಿದೆ ಎಂದು ನಾಚಿಕೆಯಿಲ್ಲದೆ ನಮ್ಮ ಲೈನಿನ ಹೆಂಗಸರಿಗೆಲ್ಲ ಹೇಳಿಕೊಂಡಿದ್ದೆ. ಅದೇ ಖುಷಿಯಲ್ಲಿ ಹಳೆಯ ಮೂಗುಬೊಟ್ಟು ಮುರಿಸಿ ಕೆಂಪು ಹರಳಿನದೊಂದು ಹೊಸದು ಮಾಡಿಸಿಕೊಂಡೆ. ಅವರು ಅದರ ಬಗ್ಗೆ ಏನೂ ಹೇಳಲಿಲ್ಲ. ಗಂಡಸರು ಹೇಳುವುದಿಲ್ಲ, ನೋಡುತ್ತಾರಲ್ಲ, ಸಾಕು ಎಂದುಕೊಂಡೆ.

ಹೊಳೆವ್ವ ನಮ್ಮ ಹಿಂದಿನ ಬಾಡಿಗೆ ರೂಮಿನವಳು. ಗಂಡ ಮಲಕಪ್ಪನ ಜೊತೆ ಸಿಂದಗಿ ಕಡೆಯಿಂದ ಬಂದು ಮೂರು ತಿಂಗಳಾಗಿತ್ತು, ಇಬ್ಬರಿಗೂ ಕಟ್ಟಡದ ಕೆಲಸ. ಬಂದು ಮೂರೇ ತಿಂಗಳಾದ್ದರಿಂದ ಕಿವಿ ನಲ್ಲಪ್ಪನ ಮಹಿಮೆ ಅವಳಿಗೆ ತಿಳಿದಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಅವಳನ್ನು ಕೆಲಸದ ಜಾಗಕ್ಕೆ ಬಿಡಲು ಕಾರಿಗೆ ಹತ್ತಿಸಿಕೊಂಡೆವು. ಮೇನ್ ರೋಡಿಗೆ ಬಂದು ವೇಗ ಹೆಚ್ಚುತ್ತಲೇ ಹಿಂದಿನ ಸೀಟಿನಿಂದ ಕೂಗಿದಳು.

"ಯಣ್ಣಾರ, ಇದ್ಯಾಕ್ರೀ ನಿಮ್ಮ ಗಾಡಿ ಹಿಂಗ ಒದರಾಕತ್ತೈತಿ? ಹಸದ ಎಮ್ಮಿ ಕರಾ ಅತ್ತಂಗ ಅಳತೈತಲ್ರೀ!"

ನನಗೆ ಎದ್ದು ಅವಳನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ನಮ್ಮವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ಹಿಂದಕ್ಕೆ ತಿರುಗಿ, ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟರ ಹಾಗೆ ಕೇಳಿದರು. "ಎಂಗಳ್ತದೆ? ಮಾಡಿ ತೋರ್ಸು ನೋಡಾಣ."

ಹೊಳೆವ್ವ ಯಾವ ಸಂಕೋಚವೂ ಇಲ್ಲದೆ ಕತ್ತು ಮೇಲೆತ್ತಿ ಅತ್ತು ತೋರಿಸಿದಳು. ಬಸ್ ಸ್ಟಾಪಿನಲ್ಲಿದ್ದವರು ತಿರುಗಿ ನೋಡಿದರು.

ಅವತ್ತು ಇಡೀ ದಿನ ನಮ್ಮವರಿಗೆ ಅದೇ ಕೆಲಸ. ಎದುರುಮನೆಯವರನ್ನು ಒಂದು ಸುತ್ತು ಕರೆದುಕೊಂಡು ಹೋಗಿ "ನಿಮ್ಗೆಂಗೆ ಕೇಳಿಸ್ತದೆ, ಮಾಡಿ" ಎಂದರು. ಅವರು ಸೊಳ್ಳೆಯ ಹಾಗೆ ಮಾಡಿದರು. ಶ್ಯಾಮಣ್ಣ ಪ್ರೆಶರ್ ಕುಕ್ಕರ್ ಕೂಗುವ ಮುಂಚೆ ಬರುವ ಸದ್ದು ಮಾಡಿದ. ನನ್ನನ್ನೂ ಬಿಡಲಿಲ್ಲ. ಇವರು ಕಣ್ಣರಳಿಸಿ ಎಲ್ಲರ ಬಾಯನ್ನೇ ನೋಡುತ್ತಾ ತಲೆದೂಗಿದರು. ತನಗೆ ಗೊತ್ತಿದ್ದೂ ನಮ್ಮನ್ನೆಲ್ಲ ಕುಣಿಸುತ್ತಿದ್ದಾರೆ, ಎಂಥ ಕೊಬ್ಬು ಎಂದು ನನಗೆ ಮೈ ಉರಿಯಿತು. ಸಂಜೆ ತೀರ್ಪು ಬಂತು. "ಫ್ಯಾನ್ ಬೆಲ್ಟು. ನಂಗೆ ಮೊದ್ಲೇ ಗೊತ್ತಿತ್ತು, ನಿಮ್ಗೆ ಗೊತ್ತಾಗ್ತದಾ ಅಂತ ಸುಮ್ನಿದ್ದೆ." ಶ್ಯಾಮಣ್ಣ ಹೊಸ ಬೆಲ್ಟು ಹಾಕಿಕೊಟ್ಟ.

ಇದರ ನಡುವೆ ಇನ್ನೊಂದು ವಿಷಯವಿತ್ತು. ಸೋಮವಾರ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಕಿವಿ ಪರೀಕ್ಷೆ. ಹೋದ ವರ್ಷ ಎರಡು ಸಲ ಕರೆದಾಗಲೂ ಇವರು ತಪ್ಪಿಸಿಕೊಂಡಿದ್ದರು. ಒಂದು ಸಲ ಅಕ್ಕನ ಮಗನ ಗೃಹಪ್ರವೇಶ, ಇನ್ನೊಂದು ಸಲ ನೆಗಡಿ. ಈ ಸಲ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿದ್ದರು, ಪರೀಕ್ಷೆಗೆ ಬರದವರು ಸೌಂಡ್ ಬೆಂಚಿನಲ್ಲಿ ಕೂರುವಂತಿಲ್ಲ, ಪಾಸಾಗದವರು ಪಂಚ್ ವಾಪಸು ಕೊಡಬೇಕು. ಇವರಿಗೆ ರಿಟೈರ್ ಆಗಲು ಹದಿನಾಲ್ಕು ತಿಂಗಳು. "ಕಿವಿಗೇ ಪರೀಕ್ಷೆಯಂತೆ, ತಮಾಷೆ ನೋಡು" ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ. ಬೇರೆಯವರ ಹೊಲಿಗೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಕಾಣುವ ನನಗೆ ಇದು ಕಾಣಲಿಲ್ಲವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಭಾನುವಾರ ಬೆಳಿಗ್ಗೆ ಹೊಸ ಬೆಲ್ಟಿನ ಟ್ರಯಲ್ಲು. ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಹತ್ತೋಣ ಎಂದರು. ಅದು ಸರಿಯಾದ ಜಾಗವೇ. ಕೆಳಗಿನ ಹೊಸೂರು ರೋಡಿನ ಗಲಾಟೆಯಲ್ಲಿ ನಮ್ಮ ಮಾತೇ ನಮಗೆ ಕೇಳಿಸುವುದಿಲ್ಲ. ಮೇಲೆ ಗುಂಡಿಯಿಲ್ಲ, ಸಿಗ್ನಲ್ಲಿಲ್ಲ, ಭಾನುವಾರವಾದ್ದರಿಂದ ಕಂಪನಿ ಕ್ಯಾಬುಗಳೂ ಇಲ್ಲ. ಒಂದೇ ತೊಂದರೆ, ಹತ್ತಿದ ಮೇಲೆ ಒಂಬತ್ತು ಕಿಲೋಮೀಟರು ಇಳಿಯುವಂತಿಲ್ಲ, ನಿಲ್ಲಿಸುವಂತಿಲ್ಲ.

ವೇಗ ಅರವತ್ತು ಮುಟ್ಟಿತು. ಕಾರು ಎಂದಿನಂತೆ, ಅಲ್ಲ, ಎಂದಿಗಿಂತ ಜೋರಾಗಿ ಗೋಳೋ ಎಂದು ಅಳತೊಡಗಿತು. ಎಡಗಡೆಯ ಕಿಟಕಿ ತೆಗೆದಿದ್ದೆ, ಸದ್ದು ಫ್ಲೈಓವರಿನ ತಡೆಗೋಡೆಗೆ ಬಡಿದು ನನ್ನ ಕಿವಿಗೇ ಬರುತ್ತಿತ್ತು.

"ಎಂಗೆ?" ಎಂದರು ನಮ್ಮವರು. "ನಿಂತೋಯ್ತಲ್ಲ?"

ನನಗೆ ಚೇಷ್ಟೆ. ಮುಖ ಗಂಭೀರ ಮಾಡಿಕೊಂಡು ಹೇಳಿದೆ. "ಹೂಂ ಕಣ್ರೀ, ಪೂರ್ತಿ ನಿಂತೋಯ್ತು. ಸೂಜಿ ಬಿದ್ರೆ ಕೇಳಿಸ್ಬೇಕು, ಹಂಗಿದೆ."

ಈಗ ಬೈಯುತ್ತಾರೆ, ಇಲ್ಲವೇ ಸೋತೆ ಎಂದು ನಗುತ್ತಾರೆ ಎಂದು ಕಾದೆ. ನಲ್ಲಪ್ಪ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ತೊಡೆಗೆ ಹೊಡೆದುಕೊಂಡರು. ಮುಖವೆಲ್ಲ ನಗು. "ನೋಡ್ದಾ! ಬೆಲ್ಟು ಅಂದ್ನಾ ಇಲ್ವಾ? ಹತ್ತೊಂಬತ್ತು ವರ್ಷ ಕಣೇ ಈ ಕಿವಿಗೆ!"

ಕಾರು ಅಳುತ್ತಲೇ ಇತ್ತು. ಅವರು ನಗುತ್ತಲೇ ಇದ್ದರು. ಆ ನಗುವಿನಲ್ಲಿ ಚೇಷ್ಟೆಯಿರಲಿಲ್ಲ, ಕೊಬ್ಬೂ ಇರಲಿಲ್ಲ. ಪಾಸಾದ ಹುಡುಗನ ನಗು ಅದು. ನಿನ್ನೆ ಎಲ್ಲರ ಬಾಯನ್ನು ಯಾಕೆ ನೋಡುತ್ತಿದ್ದರು, ಯಾಕೆ ಎಲ್ಲರ ಹತ್ತಿರವೂ ಸದ್ದು ಮಾಡಿಸಿದರು, ಗೃಹಪ್ರವೇಶ ಯಾಕೆ, ನೆಗಡಿ ಯಾಕೆ, ಎಲ್ಲ ಒಟ್ಟಿಗೆ ತಿಳಿಯಿತು.

ಹೇಳಲೋ ಬೇಡವೋ ಎಂದು ಒಂದು ಕಿಲೋಮೀಟರು ಯೋಚಿಸಿದೆ. ಸುಮ್ಮನಿರುವುದು ನನಗೆ ಬಂದ ವಿದ್ಯೆಯಲ್ಲ.

"ರೀ" ಎಂದು ಜೋರಾಗಿ ಹೇಳಿದೆ. "ನಾನು ಸುಳ್ಳು ಹೇಳ್ದೆ. ಸೌಂಡು ಹಂಗೇ ಇದೆ. ಈಗ್ಲೂ ಬರ್ತಿದೆ."

ನಗು ನಿಧಾನಕ್ಕೆ ಇಳಿಯಿತು. ತೊಡೆಯ ಮೇಲಿದ್ದ ಕೈ ಮತ್ತೆ ಸ್ಟಿಯರಿಂಗಿಗೆ ಬಂತು. ಫ್ಲೈಓವರಿನ ಕೀಲುಗಳು ಟಕ್ ಟಕ್ ಎಂದು ಚಕ್ರದಡಿ ಹಾಯುತ್ತಿದ್ದವು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಎರಡು ವರ್ಷ ಆಗಿರ್ಬೋದು. ಮಾತು ಕೇಳಿಸ್ತದೆ ಕಣೇ, ದಪ್ಪ ಸೌಂಡೆಲ್ಲ ಕೇಳಿಸ್ತದೆ. ಸಣ್ಣಕ್ಕೆ ಕೀಚ್ ಅಂತದಲ್ಲ, ಅದಿಲ್ಲ. ಮೊಬೈಲು ಹೊಡ್ಕೊಂಡ್ರೆ ಗೊತ್ತಾಗಲ್ಲ."

"ಮತ್ತೆ ಬೆಂಚಿನಲ್ಲಿ?"

"ಕಾಡಪ್ಪ ಇದ್ನಲ್ಲ, ಪಕ್ಕದ ಬೆಂಚು. ಸೌಂಡಿರೋ ಪೀಸು ಓಡಿಸಿದ್ರೆ ಅವ್ನು ಹುಣಸೇಹಣ್ಣು ತಿಂದಂಗೆ ಮುಖ ಮಾಡ್ತಿದ್ದ. ಅವನ ಮುಖ ನೋಡ್ಕಂಡು ಪಂಚ್ ಹೊಡೀತಿದ್ದೆ. ಅಂಗೈ ಇಟ್ಟೂ ನೋಡ್ತಿದ್ದೆ. ಹೋದ ತಿಂಗ್ಳು ಕಾಡಪ್ಪ ರಿಟೈರ್ ಆದ." ಆಮೇಲೆ ಸೇರಿಸಿದರು. "ಹೋದ ವಾರ ಒಂದು ಗೇರ್‌ಬಾಕ್ಸು ಗಿರಾಕಿ ಹತ್ರದಿಂದ ವಾಪಸ್ ಬಂತು. ಸೌಂಡು ಅಂತ. ತಿರುಗಿಸಿ ನೋಡಿದ್ರೆ ಏಳು. ಹತ್ತೊಂಬತ್ತು ವರ್ಷದಲ್ಲಿ ಒಂದೂ ಬಂದಿರ್ಲಿಲ್ಲ ಅಂಜನಾ."

ನನ್ನ ಹೆಸರು ಅಂಜನಮ್ಮ. ಅಂಜನಾ ಎಂದು ಅವರು ಕರೆಯುವುದು ವರ್ಷಕ್ಕೆ ಒಂದೋ ಎರಡೋ ಸಲ. ಬೇರೆ ದಿನವಾಗಿದ್ದರೆ ಕರಗಿಹೋಗುತ್ತಿದ್ದೆ. ಆದರೆ ಆಗ ನನ್ನ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು.

"ಹಂಗಾದ್ರೆ ಮನೇಲಿ ನನ್ನ ಮುಖ ನೋಡ್ತಿದ್ದದ್ದು?"

"ತುಟಿ ನೋಡ್ತಿದ್ದೆ. ಅರ್ಧ ಅಲ್ಲಿಂದ್ಲೇ ಗೊತ್ತಾಗೋದು."

ನೋಡಿ, ಕಿವಿ ಹೋಯಿತು ಎಂದಾಗ ಮರುಕ ಬಂತು, ಏಳರ ಕಥೆ ಕೇಳಿ ಸಂಕಟವಾಯಿತು, ಅಳು ಬಂದದ್ದು ಮಾತ್ರ ಈ ಮಾತಿಗೆ. ಎರಡು ವರ್ಷದ ಪ್ರೀತಿ ಹೋಗಿ ತುಟಿಗೆ ನಿಂತಿತು. ಲೈನಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲ! ಮೂಗಿನಲ್ಲಿ ಕೆಂಪು ಹರಳಿಟ್ಟುಕೊಂಡು ಎದುರಿಗೆ ನಿಲ್ಲುತ್ತಿದ್ದೆನಲ್ಲ! ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವರು ತಮಗಾಗಿ ಅಳುತ್ತಿದ್ದೇನೆ ಎಂದುಕೊಂಡು "ಅಳ್ಬ್ಯಾಡ ಬಿಡು" ಎಂದರು. ನಾನು ತಿದ್ದಲಿಲ್ಲ.

ಟೋಲ್ ದಾಟಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು ಟೀ ಅಂಗಡಿಯ ಮುಂದೆ ನಿಲ್ಲಿಸಿದೆವು. ಅವರು ಗ್ಲಾಸು ಹಿಡಿದು ಕುಡಿಯದೆ ಕೂತಿದ್ದರು. ಗಂಡಸು ಸೋತು ಕೂತರೆ ನನಗೆ ಸಹಿಸುವುದಿಲ್ಲ, ಸಿಟ್ಟು ಬರುತ್ತದೆ.

"ಕಿವಿ ಹೋದ್ರೆ ಹೋಯ್ತು, ಕಾರಿನ ರೋಗ ಏನು ಅಂತ ಹೇಳ್ರೀ ಮೊದ್ಲು. ಬೆಲ್ಟಂತೆ ಬೆಲ್ಟು! ಸುಳ್ಳೇ ಸುಳ್ಳು ಒಂದು ಬೆಲ್ಟು ಬದಲಾಯಿಸಿದ್ರಲ್ಲ!"

ಬೈದದ್ದು ಒಳ್ಳೆಯದಾಯಿತು. ಅವರ ಬೆನ್ನು ನೆಟ್ಟಗಾಯಿತು. ಟೀ ಕುಡಿದು ಮುಗಿಸಿ, ಡಿಕ್ಕಿ ತೆಗೆದು ಆ ಉದ್ದನೆಯ ಸ್ಕ್ರೂ ಡ್ರೈವರನ್ನು ಹೊರಗೆ ತೆಗೆದರು. ಆಮೇಲೆ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮಾಡದ ಒಂದು ಕೆಲಸ ಮಾಡಿದರು. ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಲೈಸೆನ್ಸ್ ತೆಗೆದುಕೊಂಡು ಮೂರು ವರ್ಷವಾಗಿತ್ತು. ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದೆ, ಇವರು ಕಾರು ಕೊಟ್ಟಿರಲಿಲ್ಲ.

"ನೀನೇ ಕಿವಿ, ನೀನೇ ಡ್ರೈವರ್ರು" ಎಂದರು. "ನಾನು ಕೇಳಿದ್ದಕ್ಕೆ ಮಾತ್ರ ಉತ್ರ ಹೇಳ್ಬೇಕು. ಜಾಸ್ತಿ ಮಾತಾಡ್ಬ್ಯಾಡ."

ಅದೊಂದು ಷರತ್ತು ಕಷ್ಟದ್ದು. ಒಪ್ಪಿಕೊಂಡೆ.

ಮತ್ತೆ ಫ್ಲೈಓವರ್ ಹತ್ತಿದೆವು. ನಾನು ಸ್ಟಿಯರಿಂಗನ್ನು ತುಂಬಿದ ಕೊಡದ ಹಾಗೆ ಹಿಡಿದುಕೊಂಡಿದ್ದೆ. ಅವರು ಎಡಗಡೆಯ ಸೀಟಿನಲ್ಲಿ ಬಗ್ಗಿ, ಕಾಲ ಬಳಿಯ ಮ್ಯಾಟು ಎತ್ತಿ, ಚಕ್ರದ ಮೇಲೆ ಉಬ್ಬಿರುವ ತಗಡಿಗೆ ಸ್ಕ್ರೂ ಡ್ರೈವರಿನ ತುದಿ ಒತ್ತಿದರು. ಹಿಡಿಗೆ ಕರ್ಚೀಫು ಸುತ್ತಿ ಹಲ್ಲಿನಲ್ಲಿ ಕಚ್ಚಿಕೊಂಡರು.

"ಇದೇನ್ರೀ ಇದು! ಹಲ್ಲು ಹೋದಾವು!"

ಬಾಯಿಂದ ಹಿಡಿ ತೆಗೆದು, "ಕಿವಿಗೆ ಕೇಳಿಸ್ದೇ ಇದ್ದದ್ದು ಹಲ್ಲಿಗೆ ಗೊತ್ತಾಗ್ತದೆ. ಫ್ಯಾಕ್ಟರೀಲಿ ಗಲಾಟೆ ಇದ್ದಾಗ ಹಳಬ್ರೆಲ್ಲ ಇಂಗೇ ನೋಡ್ತಿದ್ದಿದ್ದು. ಅರವತ್ತಕ್ಕೆ ತಗೊಂಡೋಗು" ಎಂದು ಮತ್ತೆ ಕಚ್ಚಿದರು.

ಅರವತ್ತಕ್ಕೆ ತಂದೆ. ಸೌಂಡು ಬಂತು, ಹೇಳಿದೆ. ಅವರು ಹಿಡಿ ಬಿಟ್ಟು ಗೇರ್ ತೋರಿಸಿದರು. "ನ್ಯೂಟ್ರಲ್ಲಿಗೆ ಹಾಕು. ಸೌಂಡು ಕಮ್ಮಿ ಆಯ್ತಾ?" ಹಾಕಿದೆ. ಎಂಜಿನ್ನಿನ ಸದ್ದು ಇಳಿಯಿತು, ಅಳು ಮಾತ್ರ ಹಾಗೇ ಇತ್ತು. ಹೇಳಿದೆ.

"ಅಂಗಾದ್ರೆ ಎಂಜಿನ್ ಅಲ್ಲ. ಬೆಲ್ಟೂ ಅಲ್ಲ" ಎಂದರು. ಕೊನೆಯ ಮಾತು ಸ್ವಲ್ಪ ಮೆತ್ತಗೆ ಬಂತು. "ಚಕ್ರ ತಿರುಗಿದಂಗೆಲ್ಲ ಬರ್ತದೆ ಅಂದ್ರೆ ಚಕ್ರದ ಬೇರಿಂಗು. ಯಾವ ಚಕ್ರ ಅಂತ ನೋಡಾಣ. ಹಿಂದೆ ಯಾರಾದ್ರೂ ಅವ್ರಾ?"

"ಯಾರೂ ಇಲ್ಲ."

"ಮೆಲ್ಲಗೆ ಬಲಕ್ಕೆ ವಾಲ್ಸು. ಆಮೇಲೆ ಎಡಕ್ಕೆ."

ಬಲಕ್ಕೆ ವಾಲಿಸಿದೆ. ಕಾರಿನ ಭಾರವೆಲ್ಲ ಎಡಕ್ಕೆ ಬಿತ್ತು, ಸೌಂಡು ಗಂಟಲು ಬಿಚ್ಚಿತು. "ಜಾಸ್ತಿ ಆಯ್ತು!" ಎಂದು ಕೂಗಿದೆ. ಅದೇ ಹೊತ್ತಿಗೆ ಅವರು ಹಿಡಿ ಕಚ್ಚಿಕೊಂಡೇ "ಹ್ಞಾ! ಹ್ಞಾ!" ಎಂದರು. ಎಡಕ್ಕೆ ವಾಲಿಸಿದೆ. "ಕಮ್ಮಿ ಆಯ್ತು!" ಎಂದೆ, ಅವರೂ ತಲೆಯಾಡಿಸಿದರು. ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಹಿಂದೆ ಯಾರೂ ಇಲ್ಲ ಎಂದಿದ್ದೆನಲ್ಲ, ಅಷ್ಟರಲ್ಲಿ ಒಂದು ಕಂಪನಿ ಬಸ್ಸು ಬಂದಿತ್ತು. ಹಾರ್ನು ಬಾರಿಸುತ್ತಾ ಪಕ್ಕದಲ್ಲಿ ಹಾದುಹೋದಾಗ ಅದರ ಡ್ರೈವರು ಕಿಟಕಿಯಿಂದ ಬಗ್ಗಿ ನೋಡಿದ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರನ್ನು ಹಾವಿನಂತೆ ಓಡಿಸುತ್ತಿರುವ ಒಬ್ಬ ಹೆಂಗಸು, ಪಕ್ಕದಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡು ಬಗ್ಗಿ ಕೂತ ಗಂಡಸು. ಅವನು ಏನೆಂದುಕೊಂಡನೋ, ಬಸ್ಸನ್ನು ಜೋರಾಗಿ ಓಡಿಸಿಕೊಂಡು ಹೋದ.

"ಮುಂದಿನ ಎಡಗಡೆ ಚಕ್ರ" ಎಂದರು ನಮ್ಮವರು, ಬೆವರೊರೆಸಿಕೊಳ್ಳುತ್ತಾ. "ಗರಗರ ಅಂತ ದವಡೆಗೆ ಬಂತು. ನೀ ಹೇಳಿದ್ದೂ ಅದೂ ಒಂದೇ ಸಲಕ್ಕೆ."

ಮೂವತ್ತು ವರ್ಷದ ಹತ್ತಿರ ಒಂದೇ ವಿಷಯಕ್ಕೆ ಇಬ್ಬರೂ ಒಂದೇ ಸಲ ಹೌದು ಎಂದದ್ದು ಅದೇ ಮೊದಲಿರಬೇಕು. ನನಗೆ ಇನ್ನೂ ಒಂಬತ್ತು ಕಿಲೋಮೀಟರು ಓಡಿಸಬೇಕು ಎನ್ನಿಸಿತು.

ಸೀದಾ ಶ್ಯಾಮಣ್ಣನ ಗ್ಯಾರೇಜಿಗೆ ಹೋದೆವು. ಭಾನುವಾರ ಬಾಗಿಲು ಹಾಕಿತ್ತು, ಮನೆಯಿಂದ ಎಬ್ಬಿಸಿಕೊಂಡು ಬಂದೆ. ಅವನು ಜಾಕ್ ತರುವಷ್ಟರಲ್ಲಿ ಪರ್ಸಿನಿಂದ ಒಂದು ಕೆಂಪು ಬಾಣ ತೆಗೆದು ಎಡಗಡೆ ಚಕ್ರದ ಮೇಲೆ ಅಂಟಿಸಿದೆ. ಶ್ಯಾಮಣ್ಣ ಜಾಕ್ ಹಾಕಿ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ಬೇರಿಂಗು ಹೊರಗೆ ಬಂದಾಗ ಒಳಗೆ ಗುಂಡುಗಳು ಓಡುವ ದಾರಿಯಲ್ಲಿ ಸಿಡುಬಿನ ಕಲೆಯಂತೆ ಗುಳಿ ಬಿದ್ದಿದ್ದವು.

"ಇಷ್ಟು ಕರೆಕ್ಟಾಗಿ ಹೆಂಗೆ ಹೇಳಿದ್ರಿ ಅಣ್ಣಾ! ಕಿವಿ ಅಂದ್ರೆ ಕಿವಿ!" ಎಂದ ಶ್ಯಾಮಣ್ಣ.

ನಾನು ನಮ್ಮವರ ಮುಖ ನೋಡಿದೆ. ಹೌದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆ. ಅವರು ಹಳೆಯ ಬೇರಿಂಗನ್ನು ಅಂಗೈಯಲ್ಲಿ ತಿರುಗಿಸುತ್ತಾ, "ಕಿವಿ ಅಂಜನಮ್ಮಂದು ಕಣೋ. ನಂಗೆ ಕೇಳಿಸಲ್ಲ. ಎರಡು ವರ್ಷ ಆಯ್ತು" ಎಂದರು.

ಶ್ಯಾಮಣ್ಣ ಸ್ಪ್ಯಾನರ್ ಹಿಡಿದು ಹಾಗೇ ಕೂತುಬಿಟ್ಟ. ಆಮೇಲೆ ಮೆಲ್ಲಗೆ, "ಹಂಗಾದ್ರೆ ನನಗೆ ಕೇಳಿಸ್ತಿದ್ದದ್ದು ನಿಜಾನೇ. ನಾನು ದೇವರಿಗೆ ಹರಕೆ ಹೊತ್ಕೊಂಡಿದ್ದೆ ಅಣ್ಣಾ" ಎಂದ. ಮೂವರೂ ನಕ್ಕೆವು. ಹೊಸ ಬೇರಿಂಗು ಹಾಕಿಸಿಕೊಂಡು ಹೊರಟಾಗ ಕಾರು ಉಸಿರು ಕೂಡ ಬಿಡಲಿಲ್ಲ.

"ನಿಂತೋಯ್ತಾ?" ಎಂದು ಕೇಳಿದರು.

"ಈ ಸಲ ನಿಜವಾಗ್ಲೂ ನಿಂತೋಯ್ತು."

"ನಂಗೆ ಆಗ್ಲೂ ಇಂಗೇ ಇತ್ತು, ಈಗ್ಲೂ ಇಂಗೇ ಅದೆ" ಎಂದು ನಕ್ಕರು. ಆ ನಗು ನೋಡಲು ನನ್ನಿಂದ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೈ ಚಾಚಿದರು. "ಒಂದು ಬಾಣ ಕೊಡು."

"ಯಾಕೆ?"

"ಕೊಡು ಅಂದ್ರೆ."

ಕೊಟ್ಟೆ. ಬಲಗಿವಿಯ ಕೆಳಗೆ ಅಂಟಿಸಿಕೊಂಡರು, ತುದಿ ಸರಿಯಾಗಿ ಕಿವಿಯ ತೂತಿನ ಕಡೆಗೆ. "ಡಾಕ್ಟ್ರಿಗೆ ಹುಡುಕೋ ಕಷ್ಟ ಬ್ಯಾಡ" ಎಂದರು. ಬೈದೆ. ಬೈಯುತ್ತಲೇ ಇನ್ನೊಂದು ತೆಗೆದು ಎಡಗಿವಿಗೂ ಅಂಟಿಸಿದೆ, ಯಾಕೆಂದರೆ ಒಂದು ಕಡೆ ಮಾತ್ರ ಗುರುತು ಹಾಕಿ ಕಳಿಸುವುದು ಚೆಕ್ಕರ್ ಮಾಡುವ ಕೆಲಸವಲ್ಲ. "ಆಲ್ಟರ್ ಪೀಸನ್ನ ನಾವು ಬಿಸಾಕಲ್ಲ ರೀ, ಸರಿಮಾಡಿ ವಾಪಸ್ ಲೈನಿಗೆ ತರ್ತೀವಿ" ಎಂದು ದನಿ ಹೊರಡಿಸದೆ ಹೇಳಿದೆ. ಅವರು ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡಿರಬೇಕು. ತಲೆಯಾಡಿಸಿ ಫ್ಯಾಕ್ಟರಿ ಬಸ್ಸು ಹತ್ತಿದರು.

ಸಂಜೆ ಬಂದಾಗ ಬಾಣಗಳಿರಲಿಲ್ಲ, ಪಂಚೂ ಇರಲಿಲ್ಲ. ಡಾಕ್ಟರ ರಿಪೋರ್ಟು ಬರುವ ಮೊದಲೇ ತಾವೇ ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟು ಬಂದರಂತೆ. ಕಾಡಪ್ಪ ರಿಟೈರ್ ಆದಮೇಲೆ ತಾವು ಪಾಸು ಮಾಡಿದ ಪೀಸುಗಳನ್ನೆಲ್ಲ ಮತ್ತೆ ಓಡಿಸಿ ನೋಡಿ ಎಂದೂ ಹೇಳಿದರಂತೆ. ನೋಡಿದರು. ಇನ್ನೂ ಮೂರರಲ್ಲಿ ಸೌಂಡಿತ್ತು. ಇವರನ್ನು ಸ್ಟೋರಿಗೆ ಹಾಕಿದರು. ಹದಿನಾಲ್ಕು ತಿಂಗಳು ನಟ್ಟು ಬೋಲ್ಟುಗಳ ನಡುವೆ ಕೂರಬೇಕು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮುದ್ದೆಯಲ್ಲಿ ಗಂಟಿದೆ ಎಂದರು, ನನಗೆ ಸಮಾಧಾನವಾಯಿತು.

ಮೂರು ವಾರದ ಮೇಲೆ ಕಿವಿಗೆ ಮಿಷನ್ನು ಬಂತು. ಅವರಿಗೆ ಸಂಭ್ರಮ, ನನಗೆ ಒಳಗೊಳಗೇ ಅಳುಕು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಿವಿ ಸರಿಯಾದರೆ ಇನ್ನು ನನ್ನ ಮುಖ ನೋಡುವ ಅಗತ್ಯ ಅವರಿಗಿಲ್ಲ. ತುಟಿಯನ್ನೇ ನೋಡುತ್ತಿದ್ದರು, ನಿಜ. ಆದರೂ ಎರಡು ವರ್ಷ ಯಾರೋ ಎದುರು ನಿಂತು ನಮ್ಮ ಕಡೆಗೇ ನೋಡಿದರೆ ಅಭ್ಯಾಸವಾಗಿಬಿಡುತ್ತದೆ.

ಮೊದಲ ದಿನ ಮಿಷನ್ನು ಹಾಕಿಕೊಂಡು ಮನೆಯೆಲ್ಲ ಓಡಾಡಿದರು. ಫ್ಯಾನು ಇಷ್ಟು ಗಲಾಟೆ ಮಾಡುತ್ತದಾ ಎಂದರು. ಹಿಂದಿನ ರೂಮಿನಲ್ಲಿ ಹೊಳೆವ್ವ ರೊಟ್ಟಿ ತಟ್ಟುವುದು ಕೇಳಿ, ಅದು ಯಾರು ಬಾಗಿಲು ಬಡಿಯುವುದು ಎಂದರು. ಆಮೇಲೆ ಹಾಲಿನಲ್ಲಿ ಪೇಪರು ಹಿಡಿದು ಕೂತರು. ನಾನು ಒಲೆಯ ಮುಂದೆ ನಿಂತಿದ್ದೆ, ಬೆನ್ನು ಅವರ ಕಡೆಗೆ. ತಿರುಗದೆ, ಬೇಕೆಂದೇ ಸಣ್ಣ ದನಿಯಲ್ಲಿ ಹೇಳಿದೆ. "ಉಪ್ಪು ಮುಗ್ದಿದೆ, ತರ್ಬೇಕು."

"ತರ್ತೀನಿ" ಎಂದರು ಹಾಲಿನಿಂದ.

ಕೇಳಿಸಿತು. ಸಂತೋಷಪಡಬೇಕಾದ ಹೊತ್ತು. ನಾನು ಸುಮ್ಮನೆ ಸೌಟು ತಿರುಗಿಸುತ್ತಾ ನಿಂತೆ.

ಪೇಪರು ಮಡಚಿದ ಸದ್ದಾಯಿತು. ಚಪ್ಪಲಿ ಎಳೆಯುತ್ತಾ ಬಂದು ಎದುರಿಗೆ ನಿಂತರು, ಎಂದಿನ ಜಾಗದಲ್ಲಿ.

"ಕೇಳಿಸ್ತಲ್ಲ, ಮತ್ಯಾಕೆ ಎದ್ದು ಬಂದ್ರಿ?" ಎಂದೆ.

ಮುಖ ನೋಡುತ್ತಿದ್ದರು. ತುಟಿಯಲ್ಲ, ಸ್ವಲ್ಪ ಮೇಲೆ. ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ, ಆಶ್ಚರ್ಯದಿಂದ ಕೇಳಿದರು.

"ಈ ಕೆಂಪು ಮೂಗುಬೊಟ್ಟು ಯಾವಾಗ ಮಾಡ್ಸಿದೆ? ಚೆನ್ನಾಗದೆ ಕಣೇ."

"ಎರಡು ವರ್ಷ ಆಯ್ತು" ಎಂದೆ.

ಅವರ ಅಂಗಿಯ ಮೇಲೆ ಅಂಟಿಸೋಣ ಎಂದು ಪರ್ಸಿನಲ್ಲಿ ಬಾಣ ಹುಡುಕಿದೆ. ಶೀಟು ಮುಗಿದಿತ್ತು.